ಹಿಂದಿನ ಸೀಟಿನ ಹರಕೆ

ನನ್ನ ಹೆಂಡತಿ ಹೇಮಾಕ್ಷಿ ಗಾಜುವಾಕದ ಷೇರ್ ಆಟೋದಲ್ಲಿ ಒಂಬತ್ತನೆಯವಳಾಗಿ ಅರ್ಧ ಸೀಟಿನಲ್ಲಿ ನೇತಾಡಿಕೊಂಡಾದರೂ ಹೋದಾಳು, ನನ್ನ ಬೈಕಿನ ಹಿಂದೆ ಮಾತ್ರ ಕೂರಳು.

ಅದೇನು ಸಾಮಾನ್ಯ ಬೈಕೇ? ಎಪ್ಪತ್ತಾರನೇ ಇಸವಿಯ ಜಪಾನಿ ಗಾಡಿ. ವಿಶಾಖಪಟ್ಟಣದ ಬಂದರಿನಿಂದ ನಿವೃತ್ತರಾದವರೊಬ್ಬರು ಕಣ್ಣೀರಿಡುತ್ತಾ ನನಗೆ ಕೊಟ್ಟಿದ್ದು. (ಅದು ಆನಂದಬಾಷ್ಪ ಎಂಬುದು ಹೇಮಾಕ್ಷಿಯ ಸಂಶೋಧನೆ.) ಮೊದಲ ಸವಾರಿಯಲ್ಲೇ ಅನಕಾಪಲ್ಲಿ ಮಾರ್ಕೆಟ್ಟಿನಲ್ಲಿ ಬ್ರೇಕ್ ಹಿಡಿದೆ. ಗಾಡಿ ಸಾವಕಾಶವಾಗಿ ಹೋಗಿ ಬೆಲ್ಲದ ರಾಶಿಗೆ ಮೂತಿಯಿಟ್ಟು ನಿಂತಿತು. "ಇದಕ್ಕೆ ಬ್ರೇಕ್ ಬರೋವರೆಗೂ ನಾನು ಹತ್ತಲ್ಲ" ಎಂದು ಅಲ್ಲೇ ಇಳಿದವಳು ಎರಡು ಸಾವಿರದ ನಾಲ್ಕನೇ ಇಸವಿ ಬಂದರೂ ಹತ್ತಿರಲಿಲ್ಲ. ಭಾನುವಾರ ಸಂಜೆ ಬೀಚ್ ರೋಡಿನಲ್ಲಿ ಜೋಡಿಗಳು ಬೈಕಿನಲ್ಲಿ ಹೋಗುವುದನ್ನು ಕಂಡರೆ ನನಗೆ ನಿಜವಾಗಿಯೂ ಸಂಕಟವಾಗುತ್ತಿತ್ತು.

ಆಗ ಹೊಳೆಯಿತು. ನಾನು ಉಕ್ಕಿನ ಕಾರ್ಖಾನೆಯ ಎಂಜಿನಿಯರ್. ಬ್ರೇಕ್ ಪೈಪು ಬದಲಿಸಲು ಇನ್ನೊಬ್ಬರ ಹಂಗೇಕೆ? ಹ್ಯಾಂಡಲಿನಿಂದ ಮುಂದಿನ ಚಕ್ರಕ್ಕೆ ಆಯಿಲ್ ಒಯ್ಯುವ ರಬ್ಬರ್ ಪೈಪು ಒಣಗಿ ಬಿರಿದಿತ್ತು. ಗಾಜುವಾಕದಲ್ಲಿ ಹೊಸದನ್ನು ಹುಡುಕಿ ತಂದು ಹಾಕಿದೆ. ಒಳಗಿನ ಗಾಳಿ ತೆಗೆಯುವುದು ಮಾತ್ರ ಇಬ್ಬರ ಕೆಲಸ. ಒಬ್ಬರು ಬ್ರೇಕ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಕೆಳಗೆ ಸ್ಕ್ರೂ ಸಡಿಲಿಸಿ ಬಿಗಿಯಬೇಕು. ಹೇಮಾಕ್ಷಿಯನ್ನು ಅಡುಗೆಮನೆಯಿಂದ ಸಕಲ ಮರ್ಯಾದೆಗಳೊಂದಿಗೆ ಕರೆತಂದೆ.

"ನಾನು ಬಿಡು ಅನ್ನೋವರೆಗೂ ಬಿಡಬೇಡ."

"ಒಲೆ ಮೇಲೆ ಹಾಲಿದೆ ರೀ."

"ಬಿಟ್ರೆ ಗಾಳಿ ವಾಪಸ್ ಎಳ್ಕೊಳುತ್ತೆ."

"ಹಾಲು ಉಕ್ತಾ ಇದೆ."

"ಹಿಡ್ಕೊಂಡಿರೇ."

ಹಿಡಿದುಕೊಂಡಿದ್ದಳು. ಹಾಲು ಉಕ್ಕಿ ಒಲೆಯ ಮೇಲೆಲ್ಲಾ ಹರಿಯಿತು, ಪಾತ್ರೆ ಸೀದಿತು, ಆಕೆ ಮಾತ್ರ ಬಿಡಲಿಲ್ಲ. ಚಪಾತಿ ಹಿಟ್ಟು ನಾದಿದ ಕೈಯ ಬಲ ಎಂಥದೆಂದು ಅವತ್ತು ಗೊತ್ತಾಯಿತು. ಬ್ರೇಕ್ ಕಲ್ಲಿನಂತೆ ಗಟ್ಟಿಯಾಗಿ ನಿಂತಿತು. ಒತ್ತಿ ನೋಡಿ ಅವಳೇ, "ಹೂಂ, ಹತ್ತಬಹುದು" ಎಂದಳು. ನನ್ನ ಕಣ್ಣು ತುಂಬಿ ಬಂತು.

ಪಕ್ಕದ ಮನೆಯ ರಾಜ್ಯಲಕ್ಷ್ಮಿಯವರು ಅರಿಶಿನ ಕುಂಕುಮ ಹಿಡಿದು ಬಂದರು. "ಪೂಜೆ ಇಲ್ಲದೆ ತೆಗೀಬೇಡಿ ನಂದೀಶ್‌ಗಾರು, ಮೊದಲು ಕೊಬ್ಬರಿಕಾಯ ಕೊಟ್ಟಂಡಿ" ಎಂದರು. ಕಾಯಿ ಒಡೆದೆ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟೆ. ನಮ್ಮ ತುಮಕೂರಿನ ಕಡೆ ಆಯುಧಪೂಜೆಯೆಂದರೆ ಕಬ್ಬಿಣದ್ದೆಲ್ಲಕ್ಕೂ ಕೊಬ್ಬರಿ ಎಣ್ಣೆ ಸವರಿ ಮಿಂಚಿಸುವುದು ಪದ್ಧತಿ. ಅದರಲ್ಲೂ ನಾನು ಕಾರ್ಖಾನೆಯಲ್ಲಿರುವುದು ಯಂತ್ರಗಳಿಗೆ ಎಣ್ಣೆ ಹಾಕಿಸುವ ವಿಭಾಗದಲ್ಲಿ. ಬಚ್ಚಲಿನ ಗೂಡಿನಿಂದ ಬಾಟಲಿ ತಂದು ಇಡೀ ಗಾಡಿಗೆ ಅಭ್ಯಂಜನ ಮಾಡಿಸಿದೆ. ಮುಂದಿನ ಚಕ್ರದಲ್ಲಿ ಬ್ರೇಕ್ ಕಚ್ಚಿ ಹಿಡಿಯುವ ಉಕ್ಕಿನ ತಟ್ಟೆಗೆ ವಿಶೇಷ ಭಕ್ತಿಯಿಂದ ಎರಡು ಸಲ.

ಹೇಮಾಕ್ಷಿ ಹಿಂದೆ ಕೂತು ನನ್ನ ಹೆಗಲ ಮೇಲೆ ಕೈಯಿಟ್ಟಳು. ಇನ್ನೇನು ಬೇಕು ಈ ಜನ್ಮಕ್ಕೆ? ಕಾರ್ಖಾನೆಯ ಟೌನ್‌ಶಿಪ್ಪಿನ ಗೇಟಿನವರೆಗೂ ರಸ್ತೆ ಖಾಲಿ, ಬ್ರೇಕಿನ ಅಗತ್ಯವೇ ಬೀಳಲಿಲ್ಲ. ಗೇಟು ದಾಟಿದ ಮೇಲೆ ಇಳಿಜಾರು. ಇಳಿಜಾರಿನ ಕೊನೆಗೆ ಬಾಳೆಹಣ್ಣಿನ ತಳ್ಳುಗಾಡಿ. ಬ್ರೇಕ್ ಹಿಡಿದೆ. ಗಾಡಿ ಜಾರಿತು. ಐದೂ ಬೆರಳಿಂದ ಹಿಡಿದೆ. ಇನ್ನೂ ಜಾರಿತು.

"ತಾಯೀ ಕನಕದುರ್ಗಮ್ಮ, ನಿಲ್ಲಿಸಮ್ಮ, ಇದೇ ಗಾಡೀಲಿ ಇಬ್ಬರೂ ಬೆಜವಾಡಕ್ಕೆ ಬಂದು ನಿನ್ನ ಬೆಟ್ಟ ಹತ್ತುತೀವಿ" ಎಂದು ಬೇಡಿಕೊಂಡವಳು, ಅದೇ ಉಸಿರಿನಲ್ಲಿ ನನ್ನ ಬೆನ್ನಿಗೊಂದು ಗುದ್ದಿ, "ಕಾಲಲ್ಲೂ ಒಂದು ಬ್ರೇಕ್ ಇದೆಯಲ್ರೀ, ತುಳೀರಿ" ಎಂದಳು.

ತುಳಿದೆ. ತಳ್ಳುಗಾಡಿಗೆ ಒಂದು ಗೇಣು ಇರುವಂತೆ ನಿಂತೆವು.

ಹೇಮಾಕ್ಷಿ ಇಳಿದು ಬಗ್ಗಿ ಬ್ರೇಕ್ ತಟ್ಟೆಯನ್ನು ಬೆರಳಿಂದ ಸವರಿ, ಮೂಸಿ ನೋಡಿದಳು.

"ರೀ, ಇದು ನನ್ನ ತಲೆಗೆ ಹಚ್ಕೊಳೋ ಎಣ್ಣೆ ಅಲ್ವಾ?"

ನಾನು ಬಾಳೆಹಣ್ಣು ಡಜನ್ನಿಗೆಷ್ಟು ಎಂದು ವಿಚಾರಿಸತೊಡಗಿದೆ. ಇನ್ನು ಏಳೇಳು ಜನ್ಮಕ್ಕೂ ಇವಳು ಹತ್ತುವುದಿಲ್ಲ ಎಂದು ಖಾತ್ರಿಯಾಯಿತು. ಆದರೆ ಆಕೆ ಸುಮ್ಮನೆ ಬಂದು ಮತ್ತೆ ಹಿಂದೆ ಕೂತು, "ನಿಧಾನ ಹೋಗಿ. ಸೋಪು ಹಾಕಿ ನಾನೇ ಉಜ್ಜುತೀನಿ" ಎಂದಳು. ಹೆಗಲ ಮೇಲೆ ಕೈ ಮೊದಲಿಗಿಂತ ಗಟ್ಟಿಯಾಗಿತ್ತು. ಬಯ್ಯದೆ ಬಿಟ್ಟವಳಿಗೆ ಎಷ್ಟು ಋಣಿಯಾದರೂ ಸಾಲದು. ದಾರಿಯುದ್ದಕ್ಕೂ ಆ ತಾಯಿಗೂ ಈ ತಾಯಿಗೂ ಮನಸ್ಸಿನಲ್ಲೇ ಕೈಮುಗಿದೆ.

ಮನೆಗೆ ಬಂದು ಕಾಫಿ ಕೊಡುತ್ತಾ, "ಬೆಜವಾಡಕ್ಕೆ ಯಾವತ್ತು ಹೊರಡೋಣ?" ಎಂದಳು.

"ರೈಲಲ್ಲಿ ಆರಾಮಾಗಿ ಹೋಗಿಬರೋಣ ಕಣೇ."

"ಇದೇ ಗಾಡೀಲಿ ಅಂತ ಹರಕೆ ಹೊತ್ತಿದೀನಿ. ದೇವರ ಹತ್ರ ಮಾತು ತಪ್ಪೋಕಾಗುತ್ತಾ?"

ಬೆಜವಾಡವೆಂದರೆ ಇಲ್ಲಿಂದ ಮುನ್ನೂರೈವತ್ತು ಕಿಲೋಮೀಟರು. ನನ್ನ ಸೊಂಟ ಈಗಲೇ ನೋಯತೊಡಗಿದೆ. ಒಳಗೆ ಆಕೆ ದಾರಿಗೆಂದು ಚಕ್ಕುಲಿ ಕರಿಯುತ್ತಿದ್ದಾಳೆ, ಹಾಡು ಬೇರೆ ಹೇಳಿಕೊಳ್ಳುತ್ತಿದ್ದಾಳೆ. ಹೆಂಡತಿ ಬೈಕಿನ ಹಿಂದೆ ಕೂರಲಿ ಎಂದು ಇಷ್ಟು ವರ್ಷ ದೇವರಲ್ಲಿ ಬೇಡಿಕೊಂಡವನು ನಾನೇ. ಎಷ್ಟು ದೂರಕ್ಕೆ ಎಂದು ಹೇಳುವುದನ್ನು ಮರೆತಿದ್ದೆ.