ನೈರೋಬಿಗೆ ಹೊರಟ ಬಯಕೆಯ ರೊಟ್ಟಿ

ಎರಡು ಸೇರು ಬಿಳಿಜೋಳ, ಒಂದು ಹೊರೆ ಕಟ್ಟಿಗೆ, ಇಡೀ ಒಂದು ದಿನ, ಅದರ ಮೇಲೆ ವಾರಪೂರ್ತಿ ಸೊಂಟನೋವು. ಚನ್ನವ್ವನ ಒಂದು ಗಂಟು ಖಡಕ್ ರೊಟ್ಟಿಗೆ ಬಿದ್ದ ಖರ್ಚು ಇಷ್ಟು. ನೈರೋಬಿಯಲ್ಲಿದ್ದ ಮಗಳು ಅನ್ನಪೂರ್ಣಾ ಬಸುರಿ. ಏನು ತಿಂದರೂ ವಾಂತಿ. ಅವ್ವ ಬಡಿದ ರೊಟ್ಟಿಯೇ ಬೇಕೆಂದು ಫೋನಿನಲ್ಲಿ ಅತ್ತಿದ್ದಳು.

ಬೈಲಹೊಂಗಲದ ಅದೇ ಓಣಿಯ ಗೌರೀಶ ನೈರೋಬಿಯ ಎಣ್ಣೆ ಮಿಲ್ಲಿಗೆ ಫಿಟರ್ ಆಗಿ ಹೊರಟಿದ್ದ. "ಒಂದೂ ಮುರೀಬಾರದು ನೋಡಪಾ," ಎಂದು ಚನ್ನವ್ವ ಗಂಟನ್ನು ಅವನ ಕೈಗಿಟ್ಟಳು. ಅವನು ಅದನ್ನು ಹಸುಗೂಸಿನಂತೆ ಎದೆಗವಚಿಕೊಂಡು ಮುಂಬೈಯಲ್ಲಿ ವಿಮಾನ ಹತ್ತಿದ.

ಪಕ್ಕದ ಸೀಟಿನಲ್ಲಿ ಸವದತ್ತಿಯ ಅರಿವೆ ವ್ಯಾಪಾರಿ ಬಸಲಿಂಗಪ್ಪ ಸಿಕ್ಕಾಗ ಗೌರೀಶನಿಗೆ ಅರ್ಧ ಊರೇ ಜೊತೆಗೆ ಬಂದಂತಾಯಿತು. ಆದರೆ ಊಟದ ಮುಚ್ಚಳ ತೆಗೆದರೆ ಒಳಗೆ ಕೋಳಿ. ಬಸಲಿಂಗಪ್ಪ ಕೊರಳಿನ ಲಿಂಗ ಮುಟ್ಟಿಕೊಂಡು ತಟ್ಟೆ ದೂಡಿದರು.

"ನನಗ ಸಕ್ಕರಿ ಜಡ್ಡು ಐತಿ ತಮ್ಮಾ. ಹೊತ್ತಿಗೆ ತಿನ್ನಲಿಲ್ಲಂದ್ರ ಕಣ್ಣಿಗೆ ಕತ್ತಲಿ ಬರತೈತಿ. ಆ ಗಂಟಿನ್ಯಾಗ ಏನೈತಿ?"

ಹಸಿದ ಹಿರಿಯರಿಗೆ ಇಲ್ಲ ಅನ್ನುವುದು ಹೇಗೆ? ಗೌರೀಶ ಗಂಟು ಬಿಚ್ಚಿದ. "ಒಂದ ತಗೋರಿ. ನಮ್ಮ ಓಣಿ ಚನ್ನವ್ವನ ಮಗಳಿಗೆ ಒಯ್ಯಾಕ ಹತ್ತೇನ್ರಿ. ಬಯಕಿ ರೊಟ್ಟಿ."

ಬಸಲಿಂಗಪ್ಪ ಅಗಿಯುವುದನ್ನು ಒಂದು ಗಳಿಗೆ ನಿಲ್ಲಿಸಿದರು. "ಚೊಚ್ಚಲ ಬಸುರಿ ಇಷ್ಟ ಖಡಕ್ ರೊಟ್ಟಿ ತಿಂತಾಳೇನೋ?" ಎಂದು ಇನ್ನೊಂದಕ್ಕೆ ಕೈ ಚಾಚಿದರು.

ದುಬೈಯಲ್ಲಿ ವಿಮಾನ ಬದಲಿಸುವಾಗಲೂ ಅವರು ಗೌರೀಶನ ತೋಳು ಬಿಡಲಿಲ್ಲ. ನೆಲದ ಮೇಲೆ ನಾಲ್ಕು ರೊಟ್ಟಿ ತಿಂದರು, ಮೋಡದ ಮೇಲೆ ಎಂಟು. ಗೌರೀಶ ಮಾತ್ರ ಒಂದು ಚೂರೂ ಮುಟ್ಟದೆ ನೀರು ಕುಡಿದು ಕುಳಿತ.

ನೈರೋಬಿಯಲ್ಲಿ ಇಳಿದಾಗ ಅವನಿಗೆ ಕಾಲು ಊದಿ ಚಪ್ಪಲಿ ಬಿಗಿಯಾಗಿತ್ತು, ಗಂಟು ಸಡಿಲಾಗಿತ್ತು. ಕಸ್ಟಮ್ಸ್ ಅಧಿಕಾರಿ ಉಳಿದ ರೊಟ್ಟಿಗಳನ್ನು ಹಲಗೆಯಂತೆ ಕಟಕಟ ಬಡಿದು, ಇದೇನೆಂದು ಕೇಳಿದ. ಗೌರೀಶ ಒಂದನ್ನು ಮುರಿದು ಬಾಯಿಗೆ ಹಾಕಿ ತೋರಿಸಿದ. ಎದುರಿಗೆ ನಿಂತವನಿಗೆ ಕೊಡದೆ ತಿಂದು ಗೊತ್ತಿಲ್ಲದವನು, ಅವನಿಗೂ ಒಂದು ತುಂಡು ಕೊಟ್ಟ. ಅಧಿಕಾರಿಯ ಕಣ್ಣರಳಿತು. ಗೆಳೆಯರನ್ನು ಕೂಗಿದ.

"ಕೊಡೋ ತಮ್ಮಾ, ಪರದೇಶದ ಮಂದಿ," ಎಂದು ಬಸಲಿಂಗಪ್ಪ ತಾವೇ ಹಂಚಿದರು. ಕೊನೆಯದನ್ನು ತಮಗಿಟ್ಟುಕೊಂಡರು.

ಹೊರಗೆ ಅನ್ನಪೂರ್ಣಾ ಕಾದು ನಿಂತಿದ್ದಳು, ಒಣಗಿದ ತುಟಿ, ಗುಳಿಬಿದ್ದ ಕಣ್ಣು. ನೇರ ಬಂದು ಬಸಲಿಂಗಪ್ಪನವರ ಕಾಲು ಮುಟ್ಟಿದಳು. "ಆರಾಮ ಬಂದ್ರೇನ್ರಿ ಮಾವಾರ?"

ಅಂದರೆ ಇವರು ಅವಳ ಗಂಡನ ಅಪ್ಪ! ಗೌರೀಶ ಖಾಲಿ ಗಂಟನ್ನು ಬೆನ್ನ ಹಿಂದೆ ಸರಿಸಿದ. ಆಗ ಪುಣೆಯಲ್ಲಿದ್ದ ಕೆಲಸಕ್ಕೆ ರಜೆ ಹಾಕಿ ಇವಳ ಮದುವೆಗೆ ಹೋಗಿದ್ದರೆ ಬೀಗರ ಮುಖವಾದರೂ ಗೊತ್ತಿರುತ್ತಿತ್ತು.

"ಗೌರೀಶಣ್ಣಾ, ರೊಟ್ಟಿ?"

ಬಸಲಿಂಗಪ್ಪ ಮೀಸೆಗೆ ಅಂಟಿದ ಹಿಟ್ಟು ಒರೆಸಿಕೊಂಡರು. "ಪಾಪ, ಹುಡುಗ ಭಾಳ ಹಸದಿದ್ದವಾ. ದಾರಿಯಾಗ ತಿಂದ."

ಮಾವನ ಮಾನವನ್ನು ಸೊಸೆಯ ಮುಂದೆ ಕಳೆಯುವುದೇ? ಗೌರೀಶ ತಲೆ ತಗ್ಗಿಸಿದ. "ಹೂಂ ತಂಗಿ. ತಪ್ಪಾತು."

ಮಾವ ಕಾರಿನತ್ತ ನಡೆದ ಮೇಲೆ ಅನ್ನಪೂರ್ಣಾ ಸಣ್ಣ ದನಿಯಲ್ಲಿ ಅಂದಳು: "ಮಾವಾರ ಕೈಯಾಗ ಕೊಟ್ರ ದಾರಿಯಾಗ ಮುಗಸ್ತಾರ ಅಂತ ಅವ್ವ ನಿನ್ನ ಕೈಯಾಗ ಕೊಟ್ಟಿದ್ಲೋ ಅಣ್ಣಾ. ನೀ ಭಾಳ ನಂಬಿಗಸ್ತ ಅಂತ."

ಅವಳು ಅವನ ಕೈಯಿಂದ ಗಂಟಿನ ಬಟ್ಟೆ ತೆಗೆದುಕೊಂಡು ಬಿಡಿಸಿ, ಬೆರಳು ಒದ್ದೆ ಮಾಡಿಕೊಂಡು, ಪುಡಿಯನ್ನು ಒತ್ತಿ ಒತ್ತಿ ನೆಕ್ಕಿದಳು. ಅವ್ವನ ರೊಟ್ಟಿಯಲ್ಲಿ ಅವಳಿಗೆ ಸಿಕ್ಕಿದ್ದು ಅಷ್ಟೇ. ಅವ್ವನಿಗೆ ಫೋನು ಹೋದದ್ದೇ, ಬೈಲಹೊಂಗಲದಲ್ಲಿ ಗೌರೀಶನ ಹೆಸರು ಅಂದೇ ಕೆಟ್ಟಿತು.