ಮಾವಿನಕಾಯಿಗೊಂದು ರಬ್ಬರ್ ಸೀಲು

ಇಪ್ಪತ್ತಾರು ವರ್ಷಗಳಿಂದ ನಾನು ಚಿಂತಾಮಣಿಯ ಒಂದು ಕಚೇರಿಯಲ್ಲಿ ಸೀಲು ಒತ್ತುತ್ತಿದ್ದೇನೆ. ಯಾವ ಕಚೇರಿ ಎಂದು ಹೇಳುವುದಿಲ್ಲ, ಹೇಳಿದರೆ ನೀವೂ ಅರ್ಜಿ ಹಿಡಿದು ಬರುತ್ತೀರಿ. ಇಷ್ಟು ವರ್ಷದಲ್ಲಿ ನನ್ನ ಸೀಲು ಸೊಟ್ಟಗೆ ಬಿದ್ದಿದೆ ಎಂದು ಯಾರೂ ಬೆರಳು ತೋರಿಸಿಲ್ಲ. ತಡವಾಗಿ ಬಿದ್ದಿದೆ ಎಂದವರು ಇದ್ದಾರೆ, ಅದು ಬೇರೆ ವಿಷಯ. ಆದ್ದರಿಂದ ಸೀರೆಯ ಮೇಲೆ ಸೀಲು ಒತ್ತುವುದು ನನಗೆ ನೀರು ಕುಡಿದಷ್ಟು ಸುಲಭ ಎಂದುಕೊಂಡದ್ದರಲ್ಲಿ ಏನೂ ತಪ್ಪಿರಲಿಲ್ಲ.

ಸೀರೆಯ ಹಿನ್ನೆಲೆ ಹೀಗಿದೆ. ನನ್ನ ಹೆಂಡತಿ ಸುಜಾತಳ ಅಣ್ಣನ ಮನೆ ಶಿಡ್ಲಘಟ್ಟದಲ್ಲಿ. ಗೂಡಿನಿಂದ ರೇಷ್ಮೆ ನೂಲು ತೆಗೆಯುವ ಕಸುಬು ಅವರದು. ಅವಳ ಅತ್ತಿಗೆ ವಿಮಲಕ್ಕ ಕಣ್ಣು ಮುಚ್ಚಿ ಸೀರೆ ಮುಟ್ಟಿ ಅದರ ಜಾತಕ ಹೇಳಬಲ್ಲವರು. ಎರಡು ವರ್ಷದ ಹಿಂದೆ ಅವರ ಮೊಮ್ಮಗಳ ನಾಮಕರಣಕ್ಕೆ ಸುಜಾತ ಒಂದು ಸೀರೆ ಕೊಟ್ಟಳು. ವಿಮಲಕ್ಕ ಅದರ ಸೆರಗಿನ ಮೂಲೆ ಬಿಡಿಸಿದರು. ಅಲ್ಲೊಂದು ಅರಿಶಿನದ ಕಲೆ, ಅವರದೇ ಕೈಯಿಂದ ಆದದ್ದು. ಆ ಸೀರೆಯನ್ನು ಅವರೇ ಯಾರಿಗೋ ಕೊಟ್ಟಿದ್ದರು. ಅದು ನಾಲ್ಕು ಮನೆ ಸುತ್ತಿ, ನಮ್ಮ ಬೀರು ಸೇರಿ, ಈಗ ಸ್ವಸ್ಥಾನಕ್ಕೆ ಮರಳಿತ್ತು.

ಅಂದಿನಿಂದ ನಾದಿನಿ ಅತ್ತಿಗೆಯರ ನಡುವೆ ಮಾತಿಲ್ಲ. ಈಗ ಅವರ ಹೊಸ ಮನೆಯ ಗೃಹಪ್ರವೇಶ. ಕರೆಯಲು ಭಾವ ಒಬ್ಬರೇ ಒಳಗೆ ಬಂದರು. ವಿಮಲಕ್ಕ ಕಾರಿನಲ್ಲೇ ಕೂತಿದ್ದರು.

"ಈ ಸಲಾನೂ ಕೆಟ್ರೆ ನನಗೆ ತವರು ಮನೆ ಇಲ್ಲ ಅಂದ್ಕೊಳ್ಳಿ," ಎಂದಳು ಸುಜಾತ. ಅವಳ ಕಣ್ಣು ತುಂಬಿತ್ತು. "ಕೊಡೋ ಸೀರೆ ಜಿಲ್ಲೇಲಿ ಇನ್ನೊಂದಿರಬಾರ್ದು."

ನನಗೆ ನಿಜವಾಗಿಯೂ ಪಾಪ ಅನ್ನಿಸಿತು. ಮೊಬೈಲಿನಲ್ಲಿ ಒಬ್ಬಾಕೆ ರಬ್ಬರ್ ಅಚ್ಚಿಗೆ ಬಣ್ಣ ಬಳಿದು ಬಟ್ಟೆಯ ಮೇಲೆ ಹೂವು ಮೂಡಿಸುವುದನ್ನು ಆಗಷ್ಟೇ ನೋಡಿದ್ದೆ. "ಖಾಲಿ ಸೀರೆ ತಗೊಂಡ್ಬಾ, ನಾನೇ ಮಾಡ್ಕೊಡ್ತೀನಿ," ಎಂದೆ. ಸದರಿ ಪ್ರಸ್ತಾವನೆಯನ್ನು ಸುಜಾತ ಮೂರು ದಿನ ಬಾಕಿ ಇಟ್ಟು, ಬೇರೆ ದಾರಿ ಕಾಣದೆ ಅನುಮೋದಿಸಿದಳು. ಮೊಸರಿನ ಬಣ್ಣದ ಒಂದು ರೇಷ್ಮೆ ಸೀರೆ ಬಂತು.

ಅಚ್ಚು ಮಾಡಿಸಲು ನಾನು ಹೋದದ್ದು ಬಸ್ ಸ್ಟ್ಯಾಂಡಿನ ಹತ್ತಿರದ ಸೀಲು ಅಂಗಡಿಗೆ. ನಮ್ಮ ಕಚೇರಿಯ ಸೀಲುಗಳನ್ನೆಲ್ಲ ಮಾಡಿಕೊಡುವ ಬಾಷಾ ಸಾಹೇಬರು ಕನ್ನಡಕ ಏರಿಸಿ ಪೆನ್ನು ಹಿಡಿದರು.

"ಹೆಸ್ರೇನ್ ಹಾಕ್ಲಿ ಸಾರ್?"

"ಹೆಸ್ರಿಲ್ಲ. ಮಾವಿನಕಾಯಿ."

"ಹುದ್ದೆ?"

"ಹುದ್ದೆ ಇಲ್ಲ ಸಾಹೇಬ್ರೆ. ಬರೀ ಮಾವಿನಕಾಯಿ."

ಅವರು ಶ್ರದ್ಧೆಯಿಂದ ಬರೆದುಕೊಂಡು ತಲೆಯೆತ್ತಿದರು. "ಯಾವ ತಾಲ್ಲೂಕು?"

ಮಾರನೆಯ ದಿನ ಸೀಲು ಸಿದ್ಧವಾಗಿತ್ತು. ಮಾವಿನಕಾಯಿ ಚೆನ್ನಾಗಿಯೇ ಇತ್ತು. ಆದರೆ ಅದರ ಸುತ್ತ ದುಂಡಗೆ ಎರಡು ಗೆರೆ, ಗೆರೆಗಳ ನಡುವೆ ಮೇಲೊಂದು ಕೆಳಗೊಂದು ನಕ್ಷತ್ರ. ಇದೇನೆಂದು ಕೇಳಿದರೆ, "ರೌಂಡ್ ಇಲ್ದಿದ್ರೆ ಅದು ಸೀಲೇ ಅಲ್ಲ ಸಾರ್. ಯಾರೂ ಒಪ್ಪಲ್ಲ," ಎಂದರು. ದುಡ್ಡು ಕೊಟ್ಟು ಸೀಲು ಜೇಬಿಗಿಟ್ಟುಕೊಂಡೆ. ಇದೇ ಮಾತನ್ನು ನಾನೇ ಎಷ್ಟೋ ಜನರಿಗೆ ಹೇಳಿ ವಾಪಸ್ಸು ಕಳಿಸಿದ್ದೇನೆ.

ಪರೀಕ್ಷೆಗೆಂದು ಮೊದಲು ನನ್ನ ಬನಿಯನ್ನಿನ ಎದೆಯ ಮೇಲೆ ಕೆಂಪು ಬಣ್ಣದಲ್ಲಿ ಒಂದು ಒತ್ತಿಕೊಂಡೆ. ಎಷ್ಟು ಖುಷಿಯಾಯಿತೆಂದರೆ ಅದರಲ್ಲೇ ಹೊರಗೆ ಬಂದು ನಿಂತೆ. ಎದುರು ಮನೆಯ ಪದ್ಮಮ್ಮ ರಂಗೋಲಿ ಬಿಡುವುದನ್ನು ನಿಲ್ಲಿಸಿ ನೋಡಿದರು.

"ಏನ್ ಸಾರ್ ಅದು? ಮಟನ್ ಅಂಗ್ಡೀಲಿ ಕುರಿ ತೊಡೆಗೆ ಹಾಕಿರ್ತಾರಲ್ಲ, ಆ ಮುದ್ರೆ ಇದ್ದಂಗಿದೆ."

ಪದ್ಮಮ್ಮನವರಿಗೆ ಕಲೆಯ ಗಂಧವಿಲ್ಲ ಎಂದು ತೀರ್ಮಾನಿಸಿ ಒಳಗೆ ಬಂದೆ.

ಭಾನುವಾರ ಮಧ್ಯಾಹ್ನ ಸುಜಾತ ಮಹಿಳಾ ಸಂಘದ ಸಭೆಗೆ ಹೋದಳು. ನಾನು ನಡುಮನೆಯ ನೆಲದ ಮೇಲೆ ಕಂಬಳಿ, ಅದರ ಮೇಲೆ ಸೀರೆ ಹಾಸಿದೆ. ಯೋಜನೆ ಸರಳ. ಕೆಂಪು ಬಣ್ಣದಲ್ಲಿ ಒಂದು ಮಾವಿನಕಾಯಿ ಒತ್ತುವುದು, ಪಕ್ಕದಲ್ಲಿ ಕುಂಚದಿಂದ ಎರಡು ಹಸಿರು ಎಲೆ ಬರೆಯುವುದು. ಒಟ್ಟು ಅರವತ್ತಮೂರು ಕಾಯಿ.

ಮೊದಲ ಒಂಬತ್ತು ಬಲು ಚೆನ್ನಾಗಿ ಬಂದವು. ಹತ್ತನೆಯದಕ್ಕೆ ಫೋನು ಬಂತು. ಕಚೇರಿಯ ಸಹೋದ್ಯೋಗಿ. ಶನಿವಾರದಿಂದ ಯಾವುದೋ ಫೈಲು ಕಾಣುತ್ತಿಲ್ಲವಂತೆ. ಸ್ಪೀಕರಿಗೆ ಹಾಕಿ ಪಕ್ಕದಲ್ಲಿಟ್ಟುಕೊಂಡು ಮಾತಾಡಿದೆ. ಆ ಫೈಲಿನಿಂದ ಇನ್ನೊಂದು ಫೈಲು, ಅದರಿಂದ ವರ್ಗಾವಣೆ, ವರ್ಗಾವಣೆಯಿಂದ ಮೇಲಧಿಕಾರಿಗಳ ನಿಂದನೆ. ಹೀಗೆ ಮುಕ್ಕಾಲು ಗಂಟೆ. ಬಾಯಿ ಅದರ ಪಾಡಿಗೆ, ಕೈ ಅದರ ಪಾಡಿಗೆ ದುಡಿಯುತ್ತಿದ್ದವು. ಧಪ್, ಸರಕ್. ಧಪ್, ಸರಕ್. ಮಾತು ಮುಗಿಯುವ ಹೊತ್ತಿಗೆ ಸೀರೆಯೂ ಮುಗಿದಿತ್ತು. ಹೆಮ್ಮೆಯಿಂದ ಎದ್ದು ನಿಂತು ನೋಡಿದೆ.

ಒಂಬತ್ತು ಮಾವಿನಕಾಯಿಗಳ ಪಕ್ಕ ಎಲೆ ಇತ್ತು. ಉಳಿದ ಐವತ್ತನಾಲ್ಕರ ಪಕ್ಕ ನನ್ನ ಸಹಿ ಇತ್ತು.

ದುಂಡನೆಯ ಸೀಲು ಕಂಡಿದೆ, ಪಕ್ಕದಲ್ಲಿ ಜಾಗ ಕಂಡಿದೆ, ಕೈಗೆ ಇನ್ನೇನು ಗೊತ್ತು? ಮೊದಲು ನನ್ನ ಹೆಸರಿನ ನಾ, ಅದರ ಬಾಲ ಬಲಕ್ಕೆ ಓಡಿ ಸುರುಳಿ ಸುತ್ತಿ ಕೆಳಗೆ ಬರುವುದು, ಕೊನೆಗೆ ಎರಡು ಚುಕ್ಕೆ. ಅದೂ ಹಸಿರು ಬಣ್ಣದಲ್ಲಿ. ಹಸಿರಿನಲ್ಲಿ ಸಹಿ ಹಾಕುವಷ್ಟು ದೊಡ್ಡ ಅಧಿಕಾರಿ ನಾನಲ್ಲ. ಪುಣ್ಯಕ್ಕೆ ದಿನಾಂಕ ಹಾಕಿರಲಿಲ್ಲ. ಎರಡರಲ್ಲಿ ಮಾತ್ರ ಹಾಕಿದ್ದೆ.

ಅಷ್ಟರಲ್ಲಿ ಸುಜಾತ ಬಂದಳು. ಸೀರೆಯ ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ನಡೆದು ನೋಡಿದಳು. ಅವಳು ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

"ಇದು ಸೀರೆ ಅಲ್ಲ ರೀ, ಫೈಲು," ಎಂದಳು ಕೊನೆಗೆ. "ಗೃಹಪ್ರವೇಶಕ್ಕೆ ಫೈಲ್ ಕೊಡೋಣ್ವಾ? ಬೇರೆ ಸೀರೆ ತರಕ್ಕೆ ಟೈಮಾದ್ರೂ ಎಲ್ಲಿದೆ? ನಾಳೆ ಬೆಳಿಗ್ಗೆ ಹೋಗ್ಬೇಕು."

ಆಗ ನನಗೆ ಬುದ್ಧಿ ಓಡಿತು, ಅಪರೂಪಕ್ಕೆ. ಸಹಿಯ ಬಾಲ ಬಳ್ಳಿಯಂತೆಯೇ ಇದೆಯಲ್ಲ! ಬಾಲದ ಉದ್ದಕ್ಕೂ ಪುಟ್ಟ ಎಲೆಗಳನ್ನು ಅಂಟಿಸಿದೆ. ಎರಡು ಚುಕ್ಕೆ ಮೊಗ್ಗಾದವು. ದಿನಾಂಕಗಳು ಹೂಗೊಂಚಲಾದವು. ಒಂದಾದ ಮೇಲೊಂದು ಐವತ್ತನಾಲ್ಕು ಸಹಿಗಳನ್ನು ಬಳ್ಳಿ ಮಾಡಿ ಮುಗಿಸುವ ಹೊತ್ತಿಗೆ ಸೊಂಟ ಹಿಡಿದು ಏಳಲಾಗಲಿಲ್ಲ. ಸುಜಾತ ನನ್ನನ್ನು ಹಾಗೇ ಬಿಟ್ಟು ಸೀರೆಗೆ ಮಾತ್ರ ಇಸ್ತ್ರಿ ಮಾಡಿದಳು.

ಶಿಡ್ಲಘಟ್ಟದಲ್ಲಿ ಪೂಜೆ ಮುಗಿದ ಮೇಲೆ ಸುಜಾತ ತಟ್ಟೆ ಮುಂದಿಟ್ಟಳು. ವಿಮಲಕ್ಕ ಸೀರೆ ಎತ್ತಿಕೊಂಡು ಮೊದಲು ಸೆರಗಿನ ಮೂಲೆ ಹುಡುಕಿದರು. ಅರಿಶಿನವಿರಲಿಲ್ಲ. ಪೂರ್ತಿ ಬಿಡಿಸಿದರು.

"ಮಾವಿನಕಾಯಿ ಅಷ್ಟಕ್ಕಷ್ಟೆ," ಎಂದರು ವಿಮಲಕ್ಕ. "ಈ ಬಳ್ಳಿ ಯಾರ್ ಬರ್ದಿದ್ದು ಸುಜಾತಾ? ಎಷ್ಟ್ ಚೆನ್ನಾಗಿದೆ."

ಎರಡು ವರ್ಷದಲ್ಲಿ ಅವರು ನಾದಿನಿಯ ಹೆಸರು ಹಿಡಿದು ಆಡಿದ ಮೊದಲ ಮಾತು ಅದು. ಸುಜಾತ ನನ್ನತ್ತ ನೋಡಿದ ನೋಟ ನಮ್ಮ ಮದುವೆಯ ದಿನವೂ ಸಿಕ್ಕಿರಲಿಲ್ಲ. "ನಮ್ಮನೆಯವ್ರೇ ಅತ್ತಿಗೆ, ಕೈಯಲ್ಲೇ ಬರ್ದಿದ್ದು," ಎಂದಳು. ವಿಮಲಕ್ಕ ಒಳಗೆ ಹೋಗಿ ಆ ಸೀರೆಯನ್ನೇ ಉಟ್ಟುಕೊಂಡು ಊಟ ಬಡಿಸಲು ಬಂದರು.

ಪಂಕ್ತಿಯಲ್ಲಿ ನನ್ನ ಪಕ್ಕ ವಿಮಲಕ್ಕನ ಸೋದರಮಾವ ಮುನಿಶಾಮಪ್ಪನವರು ಕೂತಿದ್ದರು. ಕೈವಾರದ ಕಡೆಯ ರೈತರು. ಎಲ್ಲೋ ನೋಡಿದ ಮುಖ ಅನ್ನಿಸಿತು. ಆದರೆ ಕಚೇರಿಯಲ್ಲಿ ನಾನು ಯಾರ ಮುಖವನ್ನೂ ನೋಡುವವನಲ್ಲ. ವಿಮಲಕ್ಕ ಒಬ್ಬಟ್ಟು ಬಡಿಸಲು ಬಗ್ಗಿದಾಗ ಮುನಿಶಾಮಪ್ಪನವರು ಸೀರೆಯನ್ನೇ ದಿಟ್ಟಿಸಿದರು. ಎಡಗೈಯಿಂದ ಜೇಬಿನ ಕನ್ನಡಕ ತೆಗೆದು ಹಾಕಿಕೊಂಡು ಮತ್ತೆ ನೋಡಿದರು. ಆಮೇಲೆ ನನ್ನತ್ತ ತಿರುಗಿದರು.

"ಇದು ನಿಮ್ಮ ಸಹಿ ಅಲ್ವಾ ಸಾರ್?"

ಕೈಯಲ್ಲಿದ್ದ ಒಬ್ಬಟ್ಟನ್ನು ಎಲೆಯ ಮೇಲೆ ಇಟ್ಟೆ. "ಬಳ್ಳಿ... ಅದು ಬಳ್ಳಿ," ಎಂದೆ.

"ಸುತ್ತ ರೌಂಡು, ಪಕ್ಕ ನಾ, ಕೆಳಗೆ ಎರಡು ಚುಕ್ಕೆ. ನಂಗೊತ್ತಿಲ್ವಾ? ನನ್ನ ಖಾತೆ ಅರ್ಜಿಗೆ ಮೂರು ಸಲ ಇದೇ ಸಹಿ ಹಾಕಿ, ಆಗಲ್ಲ ಅಂತ ಕಾಗ್ದ ಕಳ್ಸಿದ್ದೀರಿ. ಆಗುತ್ತೆ ಅಂತ ಹಾಕೋ ಒಂದು ಸಹಿಗೆ ಎಂಟು ತಿಂಗ್ಳಿಂದ ಅಲೀತಿದ್ದೀನಿ." ಅವರು ಸೆರಗಿನಿಂದ ನೆರಿಗೆಯವರೆಗೆ ಕಣ್ಣಾಡಿಸಿದರು. "ನಂಗೆ ಒಂದು ಹಾಕಕ್ಕಾಗ್ಲಿಲ್ಲ, ನಮ್ಮ ವಿಮ್ಲಂಗೆ ಮೈತುಂಬ ಹಾಕಿದ್ದೀರಲ್ಲ ಸಾರ್."

ವಿಮಲಕ್ಕ ಸೆರಗನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಸುಜಾತಳ ಮುಖ ನೋಡಿದರು. ಸುಜಾತ ತುಟಿ ಕಚ್ಚಿಕೊಂಡಿದ್ದಳು. ಇಬ್ಬರಲ್ಲಿ ಯಾರು ಮೊದಲು ನಕ್ಕರೋ ಗೊತ್ತಿಲ್ಲ. ಒಬ್ಬರನ್ನೊಬ್ಬರು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ, ಒಬ್ಬಟ್ಟಿನ ತಟ್ಟೆ ನೆಲಕ್ಕಿಟ್ಟು ನಕ್ಕರು. ಒಟ್ಟು ಐವತ್ತನಾಲ್ಕು ಸಹಿ ಎಂದು ಸುಜಾತ ನಗುತ್ತಲೇ ಲೆಕ್ಕ ಒಪ್ಪಿಸಿದಳು. ಎರಡು ವರ್ಷದ ಮುನಿಸು ಅಲ್ಲೇ ಮುಗಿಯಿತು. ನನಗೂ ಒಳಗೊಳಗೆ ಸಂತೋಷವೇ ಆಯಿತು, ಆದರೆ ತಲೆ ಎತ್ತುವ ಸ್ಥಿತಿಯಲ್ಲಿರಲಿಲ್ಲ.

"ಅಣ್ಣಾ," ಎಂದರು ವಿಮಲಕ್ಕ ಕಣ್ಣೊರೆಸಿಕೊಂಡು, "ನಾಳೆ ನಮ್ಮ ಮಾವನ ಕೆಲ್ಸ ಆಗ್ಬೇಕು. ಇಲ್ಲಾಂದ್ರೆ ಈ ಸೀರೆ ಉಟ್ಕೊಂಡು ನಾನೇ ನಿಮ್ಮ ಆಫೀಸಿಗೆ ಬರ್ತೀನಿ."

ಮಾರನೆಯ ದಿನ ಕಚೇರಿ ತೆರೆಯುವ ಮೊದಲೇ ಮುನಿಶಾಮಪ್ಪನವರು ಬಾಗಿಲಲ್ಲಿದ್ದರು. ನಾನು ಫೈಲು ಹುಡುಕಿದೆ. ನೋಡಿದರೆ ಎಲ್ಲ ದಾಖಲೆಗಳೂ ಸರಿಯಾಗಿಯೇ ಇದ್ದವು, ಎಂಟು ತಿಂಗಳಿಂದಲೂ. ನಾಚಿಕೆಯಾಯಿತು. ಅವರನ್ನು ಕುರ್ಚಿಯಲ್ಲಿ ಕೂರಿಸಿ, ಕ್ಷಮೆ ಕೇಳಿ, ಸೀಲು ಒತ್ತಿ, ಸಹಿ ಹಾಕಿ, ನಾನೇ ಕೈಯಾರೆ ಮೇಲಧಿಕಾರಿ ಸಾಹೇಬರ ಮೇಜಿಗೆ ಇಟ್ಟು ಬಂದೆ. ಇಪ್ಪತ್ತಾರು ವರ್ಷದಲ್ಲಿ ಅಷ್ಟು ಬೇಗ ಒಂದು ಫೈಲು ನನ್ನ ಮೇಜು ದಾಟಿದ್ದಿಲ್ಲ.

ಕಾಲು ಗಂಟೆಯಲ್ಲಿ ಅದು ವಾಪಸ್ಸು ಬಂತು. ಮೇಲೆ ಸಾಹೇಬರು ಬರೆದಿದ್ದರು: "ಗುಮಾಸ್ತರ ಸಹಿ ತಾಳೆಯಾಗುತ್ತಿಲ್ಲ. ಪರಿಶೀಲಿಸಿ."

ತೆರೆದು ನೋಡಿದೆ. ಸೀಲಿನ ಪಕ್ಕದಲ್ಲಿ ನಾ ಇತ್ತು. ಅದರ ಬಾಲಕ್ಕೆ ಏಳು ಎಲೆ, ತುದಿಯಲ್ಲಿ ಎರಡು ಮೊಗ್ಗು.

ಮುನಿಶಾಮಪ್ಪನವರು ಬಗ್ಗಿ ನೋಡಿ, ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡರು.

"ವಿಮ್ಲನ್ನ ಕರೀಲಾ ಸಾರ್? ತಾಳೆ ನೋಡಕ್ಕೆ ಅವಳ ಹತ್ರ ಐವತ್ನಾಲ್ಕಿದೆ."