ಮದುವೆ ಕೋಟಿನ ಮಾಲೀಕ

ಅನಾಹುತಕ್ಕೆಲ್ಲ ಮೂಲ ರಿಜ್ವಾನ್ ಮಾಮೂವಿನ ಮದುವೆ ಕೋಟು. ಅದು ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂರದೇ ಇದ್ದಿದ್ದರೆ ಫರ್ಹಾನ್ ಹೊಸಕೋಟೆಯ ಮನೆಯಲ್ಲಿ ತೆಪ್ಪಗೆ ಕೂತಿರುತ್ತಿದ್ದ, ಪಾಪ.

ಸಿವಿಲ್ ಇಂಜಿನಿಯರಿಂಗ್ ಮುಗಿಸಿ ವರ್ಷ ಅಲೆದ ಮೇಲೆ ದಾಬಸ್‌ಪೇಟೆಯ ಒಂದು ಕಂಪನಿ ಅವನನ್ನು ಸೈಟ್ ಇಂಜಿನಿಯರ್ ಕೆಲಸಕ್ಕೆ ಆರಿಸಿತ್ತು. ಷರತ್ತು ಒಂದೇ. ಓದಿದ ವಿಭಾಗಕ್ಕೆ ಮಾನ್ಯತೆ ಇರಬೇಕು. ಅವನ ಕಾಲೇಜಿನ ಮಾನ್ಯತೆಯೋ ಹೋದ ತಿಂಗಳು ಮುಗಿದಿತ್ತು. ಮತ್ತೆ ಕೊಡಬೇಕೋ ಬೇಡವೋ ನೋಡಲು ಸಮಿತಿ ಬರುವ ದಿನ ಬೆಳಗ್ಗೆ ಪ್ರಿನ್ಸಿಪಾಲ್ ಬೈರೇಶ್ ಅವರ ಫೋನ್ ಬಂತು.

“ನಮ್ಮ ಹುಡುಗರಿಗೆ ಕೆಲಸ ಕೊಟ್ಟಿರೋ ಮಾಲೀಕರನ್ನ ಸಮಿತಿಯವರು ಮಾತಾಡಿಸ್ಬೇಕಂತೆ ಕಣಪ್ಪಾ. ಅಂಥೋರನ್ನ ಎಲ್ಲಿಂದ ತರ್ಲಿ? ನೀನೇ ಮಾಲೀಕ ಆಗಿ ಬಂದ್ಬಿಡು. ಮಾನ್ಯತೆ ಸಿಕ್ರೆ ನಿನ್ನ ಕೆಲಸಾನೂ ಗಟ್ಟಿ.”

ಫರ್ಹಾನ್ ಯೋಚಿಸುವಷ್ಟರಲ್ಲಿ ತಾಯಿ ನೂರುನ್ನೀಸಾ ಕೋಟು ಹಿಡಿದು ನಿಂತಿದ್ದರು. ಪಕ್ಕದ ಮನೆಯ ಬುಷ್ರಾ ಖಾಲಾ ಓಡಿಬಂದು ಅತ್ತರು ಹಚ್ಚಿದರು. “ಕೈ ಕಟ್ಕೊಂಡು ನಿಲ್ಬೇಡ ಬೇಟಾ. ಕೆಲಸ ಕೇಳೋರು ಹಂಗೆ ನಿಲ್ಲೋದು.”

ಕಾಲೇಜಿನ ಕೋಣೆಯಲ್ಲಿ ಇನ್ನೊಬ್ಬ ‘ಮಾಲೀಕರು’ ಆಗಲೇ ಕೂತಿದ್ದರು. ಅಮ್ಮನ ರೇಷ್ಮೆ ಸೀರೆ ಉಟ್ಟ ಅಕ್ಷತ, ಫರ್ಹಾನ್‌ನ ಸಹಪಾಠಿ. ಅವಳಿಗೂ ಕೆಲಸವಿರಲಿಲ್ಲ. ಇಬ್ಬರೂ ಪರಿಚಯವೇ ಇಲ್ಲದವರಂತೆ ನಮಸ್ಕಾರ ಮಾಡಿಕೊಂಡರು.

ಬೈರೇಶ್ ಇಬ್ಬರನ್ನೂ ಹೆಸರು ಹೇಳಿ ಪರಿಚಯಿಸಿದ ಮೇಲೆ ಸಮಿತಿಯ ಅಧ್ಯಕ್ಷರು ಫರ್ಹಾನ್‌ನನ್ನು ಕೇಳಿದರು. “ಈ ಕಾಲೇಜಿನವರು ಯಾರ್ಯಾರು ನಿಮ್ಮಲ್ಲಿದಾರೆ?”

ಗಾಬರಿಗೆ ಬಾಯಿಗೆ ಬಂದದ್ದು ಕ್ಲಾಸಿನ ಹಾಜರಿಯ ಹೆಸರುಗಳು. “ಶ್ರೀಧರ್, ಅಕ್ಷತ...”

“ಇವರ ಹೆಸರೂ ಅಕ್ಷತ ಅಲ್ವಾ?”

“ಆ ಅಕ್ಷತ ಬೇರೆ ಸರ್. ತುಂಬಾ ರಜಾ ಹಾಕ್ತಾಳೆ.”

ಅಕ್ಷತ ಮೇಜಿನಡಿ ಅವನ ಕಾಲು ತುಳಿದಳು. ಅಧ್ಯಕ್ಷರು ಮೆಚ್ಚಿ ತಲೆದೂಗಿದರು. ಫರ್ಹಾನ್‌ಗೆ ಗೆದ್ದೆ ಅನ್ನಿಸಿತು. ಅಷ್ಟರಲ್ಲಿ ಬೈರೇಶ್ ಅವರ ಫೋನ್ ಬಡಿದುಕೊಂಡಿತು.

“ದಾಬಸ್‌ಪೇಟೆ ಕಂಪನಿಯವರು ಸರ್. ಹುಡುಗರು ಬೇಕು ಅಂತ ಪ್ರಾಣ ತಿಂತಾರೆ,” ಎಂದು ಹೆಮ್ಮೆಯಿಂದ ಸ್ಪೀಕರ್ ಹಾಕಿದರು.

“ನಮಸ್ತೆ ಸರ್, ಮಾನಸ ಮಾತಾಡ್ತಿರೋದು. ಹೊಸಕೋಟೆಯ ಅನೀಸ್ ಅಹಮದ್ ಅವರ ಮಗ ಫರ್ಹಾನ್ ನಿಮ್ಮ ವಿದ್ಯಾರ್ಥಿ ಅಲ್ವಾ? ಸದ್ಯಕ್ಕೆ ಎಲ್ಲೂ ಕೆಲಸದಲ್ಲಿಲ್ಲ ಅಂದಿದ್ದಾರೆ. ನಿಜ ಅಂದ್ರೆ, ನಿಮ್ಮ ಮಾನ್ಯತೆ ಸಿಕ್ಕ ದಿನಾನೇ ಸೇರಿಸ್ಕೋತೀವಿ.”

ಕೋಣೆಯಲ್ಲಿದ್ದವರೆಲ್ಲ ಫರ್ಹಾನ್ ಕಡೆ ತಿರುಗಿದರು. ನಿಜ ಹೇಳಿದರೆ ಮಾನ್ಯತೆ ಹೋಗುತ್ತದೆ, ಅದರ ಹಿಂದೆಯೇ ಕೆಲಸವೂ ಹೋಗುತ್ತದೆ. ಸುಳ್ಳು ಹೇಳಿದರೆ ಕೆಲಸ ನೇರವಾಗಿಯೇ ಹೋಗುತ್ತದೆ. ಅವನು ಬಾಯಿ ತೆರೆಯುವ ಮೊದಲೇ ಬೈರೇಶ್ ಹೇಳಿಬಿಟ್ಟರು.

“ಅಯ್ಯೋ, ಅವರು ಕೆಲಸ ಕೇಳೋರಲ್ಲಮ್ಮ, ಕೊಡೋರು. ದೊಡ್ಡ ಕಂಪನಿ ಮಾಲೀಕರು. ಇಲ್ಲೇ ಕೂತಿದಾರೆ.”

ಆ ಕಡೆ ಮಾನಸಗೂ ಸಿಡಿಲು ಬಡಿದಂತಾಗಿರಬೇಕು. “ಹಂಗಾದ್ರೆ... ಬೇರೆ ಯಾರಾದ್ರೂ ಇದಾರಾ ಸರ್?”

ಅಧ್ಯಕ್ಷರು ಕುರ್ಚಿಯಿಂದ ಎದ್ದೇ ಫೋನ್ ತೆಗೆದುಕೊಂಡರು. “ನನ್ನ ಮಗ ಇದಾನಮ್ಮ. ಅವನೂ ಸಿವಿಲ್ಲೇ. ಎರಡು ವರ್ಷದಿಂದ ಮನೇಲಿದಾನೆ. ಅವನ ಕಾಲೇಜಿಗೆ ಮಾನ್ಯತೆ ಇದೆ, ಚಿಂತೆ ಬೇಡ.” ಆಮೇಲೆ ಫರ್ಹಾನ್ ಕಡೆ ಫೋನ್ ಚಾಚಿದರು. “ಮಾಲೀಕರೇ, ನೀವೊಂದು ಮಾತು ಹೇಳಿದ್ರೆ ತೂಕ ಇರುತ್ತೆ.”

ಮಾನ್ಯತೆ ಕೊಡುವವರ ಮಗನಿಗೇ ಕೆಲಸವಿಲ್ಲ. ಫರ್ಹಾನ್‌ಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬೈರೇಶ್ ಅವನನ್ನೇ ದೀನವಾಗಿ ನೋಡುತ್ತಿದ್ದರು. ಅವನು ಫೋನ್ ತೆಗೆದುಕೊಂಡ.

“ಒಳ್ಳೇ ಹುಡುಗ ಮೇಡಂ. ತಗೊಳ್ಳಿ.”

“ಥ್ಯಾಂಕ್ಸ್ ಸರ್. ಆದ್ರೆ ನೀವ್ಯಾಕೆ ಅರ್ಜಿ ಹಾಕಿದ್ರಿ?”

“ನೀವು ಹೆಂಗೆ ಆರಿಸ್ತೀರಿ ನೋಡೋಣ ಅಂತ,” ಎಂದ.

ಸಂಜೆ ಹೊರಡುವ ಮುಂಚೆ ಸಮಿತಿಯವರು ತೃಪ್ತಿಯಿಂದ ಕೈ ಕುಲುಕಿದರು. ಮೂರು ವರ್ಷದ ಮಾನ್ಯತೆ ಖಂಡಿತ ಎಂದು ಬೈರೇಶ್ ಕುಣಿಯುವುದೊಂದು ಬಾಕಿ. ಗೇಟಿನವರೆಗೂ ಬಂದು ಫರ್ಹಾನ್‌ನ ಹೆಗಲು ತಟ್ಟಿದರು.

“ಕೋಟು ಜೋಪಾನವಾಗಿ ಇಟ್ಕೊಳಪ್ಪಾ. ಮೂರು ವರ್ಷ ಆದ್ಮೇಲೆ ಮತ್ತೆ ಬರ್ತಾರೆ. ನೀನಂತೂ ಮನೇಲೇ ಇರ್ತೀಯಲ್ಲ.”